ಚೆಕ್ ಎಂಜಿನ್ ಲೈಟ್ ಹತ್ತದೆಯೇ ಎಂಜಿನ್ ಜರ್ಕ್ ಹೊಡೆದರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನದು 70,000 ಕಿ.ಮೀ. ಓಡಿದ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಮ್ಯಾನ್ಯುಯಲ್ ಗೇರ್. ಈಚೆಗೆ ಏರುದಾರಿಯಲ್ಲಿ ನಾಲ್ಕನೇ ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಗಾಡಿ ಎಳೆಯದೆ ಜರ್ಕ್ ಹೊಡೆಯುತ್ತದೆ. ನಿಂತಾಗ ಐಡಲಿಂಗ್‌ನಲ್ಲೂ ಆಗಾಗ ಸಣ್ಣ ನಡುಕ. ಮೈಲೇಜ್ ಇಳಿದಿದೆ. ಚೆಕ್ ಎಂಜಿನ್ ಲೈಟ್ ಮಾತ್ರ ಒಮ್ಮೆಯೂ ಹತ್ತಿಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ "ದೋಷದ ಕೋಡ್ ಏನೂ ಇಲ್ಲ" ಎಂದರು. ಈಗ ಫ್ಯುಯೆಲ್ ಪಂಪ್ ಬದಲಿಸಿ ನೋಡೋಣ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಈಗಲೇ ಒಪ್ಪಬೇಡಿ. ಪಂಪ್ ಹೋಗಿರಬಹುದು, ಆದರೆ ಹಾಗೆನ್ನಲು ಬೇಕಾದ ಅಳತೆಯನ್ನು ಇನ್ನೂ ಯಾರೂ ತೆಗೆದಿಲ್ಲ. ನೀವು ಹೇಳಿದ ಲಕ್ಷಣಗಳಿಗೆ ಪಂಪಿಗಿಂತ ಮೊದಲು ಅನುಮಾನಿಸಬೇಕಾದ ಭಾಗಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಏನನ್ನೂ ಬದಲಿಸದೆಯೇ ಪರೀಕ್ಷಿಸಬಹುದು.

ಮೊದಲು ಆ ಲೈಟಿನ ವಿಷಯ. ಚೆಕ್ ಎಂಜಿನ್ ಲೈಟ್ ಇರುವುದು ಹೊಗೆಯ ಮಾಲಿನ್ಯ ಮಿತಿ ಮೀರುವಂಥ ದೋಷವನ್ನು ತಿಳಿಸಲು. ಎಂಜಿನ್ ನಯವಾಗಿ ಓಡುತ್ತಿದೆಯೇ ಎಂದು ಹೇಳುವುದು ಅದರ ಕೆಲಸವಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಪ್ರತಿ ದೋಷಕ್ಕೂ ಒಂದು ಗಡಿ ಇಟ್ಟುಕೊಂಡಿರುತ್ತದೆ. ಆ ಗಡಿ ದಾಟಿದ ಮೇಲೂ ಹೆಚ್ಚಿನ ದೋಷಗಳು ಎರಡು ಸಲದ ಓಟದಲ್ಲಿ ಕಾಣಿಸಿಕೊಂಡರೆ ಮಾತ್ರ ಲೈಟ್ ಹತ್ತುತ್ತದೆ. ಮಿಸ್ಸಿಂಗ್‌ ಅನ್ನೇ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ತಪ್ಪುವುದನ್ನೇ, ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ 2000 ಆರ್‌ಪಿಎಂನಲ್ಲಿ ಒಂದು ನಿಮಿಷಕ್ಕೆ 4000 ಸಲ ಕಿಡಿ ಹೊತ್ತಿಸುತ್ತದೆ. ಅದರಲ್ಲಿ 20 ಸಲ ತಪ್ಪಿದರೆ ಲೆಕ್ಕ ಶೇ. 0.5. ಲೈಟ್ ಹತ್ತುವ ಗಡಿ ಸಾಮಾನ್ಯವಾಗಿ ಶೇ. 1ರಿಂದ 3ರ ನಡುವೆ ಎಲ್ಲೋ ಇರುತ್ತದೆ. ಆ 20 ಸಲವೂ ಏರಿನಲ್ಲಿ ಒಟ್ಟೊಟ್ಟಿಗೆ ತಪ್ಪಿದರೆ ಸೀಟಿನಲ್ಲಿ ಕೂತ ನಿಮಗೆ ಚೆನ್ನಾಗಿಯೇ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಅದು ದೂರು ಕೊಡುವಷ್ಟು ದೊಡ್ಡದಾಗಿರುವುದಿಲ್ಲ. ರಸ್ತೆ ಕೆಟ್ಟಿದ್ದಾಗ ಕೆಲವು ಕಾರುಗಳು ಮಿಸ್ಸಿಂಗ್ ಎಣಿಸುವುದನ್ನೇ ನಿಲ್ಲಿಸುತ್ತವೆ. ಚಕ್ರದಿಂದ ಬರುವ ಕುಲುಕಾಟಕ್ಕೂ ಎಂಜಿನ್ನಿನ ತಪ್ಪಿಗೂ ವ್ಯತ್ಯಾಸ ಸಿಗುವುದಿಲ್ಲ ಎಂಬುದು ಕಾರಣ.

ಲೈಟೇ ಕೆಟ್ಟಿಲ್ಲ ಎಂದೂ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಅದು ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಹತ್ತದಿದ್ದರೆ ಆ ಲೈಟನ್ನು ನಂಬುವ ಹಾಗಿಲ್ಲ. ಈಚೆಗೆ ಬ್ಯಾಟರಿ ಬಿಚ್ಚಿದ್ದರೆ ಅಥವಾ ಯಾರಾದರೂ ಕೋಡ್ ಅಳಿಸಿದ್ದರೆ ಕಂಪ್ಯೂಟರಿನ ಸ್ವಯಂ ತಪಾಸಣೆಗಳೂ ಹೊಸದಾಗಿ ಶುರುವಾಗಬೇಕು. ಅವೆಲ್ಲ ಮುಗಿಯಲು ತಣ್ಣಗಿನ ಸ್ಟಾರ್ಟು, ಹೆದ್ದಾರಿ ಓಟ ಎಲ್ಲ ಸೇರಿ ಕೆಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ "ಕೋಡ್ ಇಲ್ಲ" ಎಂಬುದಕ್ಕೆ ಅರ್ಥವಿಲ್ಲ. ಸ್ಕ್ಯಾನರಿನಲ್ಲಿ 'ರೆಡಿನೆಸ್' ಎಂಬ ಪುಟ ತೆರೆದರೆ ಯಾವ ತಪಾಸಣೆ ಮುಗಿದಿದೆ, ಯಾವುದು ಬಾಕಿ ಎಂದು ಕಾಣುತ್ತದೆ.

ಇನ್ನು ಇದು ಎಂಜಿನ್ನಿನದೇ ತೊಂದರೆಯೇ? ಏರಿನಲ್ಲಿ ಆರ್‌ಪಿಎಂ ಮುಳ್ಳು ಸರಸರ ಮೇಲೇರಿ ವೇಗ ಮಾತ್ರ ಏರದಿದ್ದರೆ ಅದು ಕ್ಲಚ್ ಜಾರುವುದು. ಹತ್ತು ನಿಮಿಷ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಹೆಚ್ಚು ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಮೈಲೇಜ್ ಇಳಿಯಲು ಅದೊಂದೇ ಸಾಕು. ಐಡಲಿಂಗ್‌ನಲ್ಲಿ ಮುಳ್ಳು ಅಲುಗದೆ ಸ್ಟೀರಿಂಗ್ ಮಾತ್ರ ನಡುಗಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ನಿಮ್ಮ ಗಾಡಿಯಲ್ಲಿ ಜರ್ಕ್ ಇರುವುದರಿಂದ ಇವು ಮೂಲ ಕಾರಣ ಆಗಿರಲಾರವು, ಆದರೂ ನೋಡಲು ಹತ್ತು ನಿಮಿಷ ಸಾಕು.

ಮುಂದಿನ ಕೆಲಸಕ್ಕೆ ಸ್ಪ್ಯಾನರ್ ಬೇಡ, ಕಾಗದ ಬೇಕು. ಜರ್ಕ್ ಬಂದಾಗ ಎಂಜಿನ್ ತಣ್ಣಗಿತ್ತೇ ಬಿಸಿಯಿತ್ತೇ, ಎಷ್ಟು ಆರ್‌ಪಿಎಂ, ಆಕ್ಸಿಲರೇಟರ್ ಎಷ್ಟು ಒತ್ತಿದ್ದಿರಿ, ಏಸಿ ಆನ್ ಇತ್ತೇ, ಮಳೆಯಿತ್ತೇ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಅದೇ ದಿನ ಪೆಟ್ರೋಲ್ ತುಂಬಿಸಿದ್ದಿರೇ ಎಂದು ಒಂದು ವಾರ ಬರೆದಿಡಿ. ಮುಖ್ಯವಾಗಿ, ಅದೇ ಏರನ್ನು ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ ಹತ್ತಿ ನೋಡಿ. ಮೇಲಿನ ಗೇರಿನಲ್ಲಿ 1500ರಿಂದ 2200 ಆರ್‌ಪಿಎಂ ನಡುವೆ ಜರ್ಕ್ ಬಂದು, ಕೆಳಗಿನ ಗೇರಿನಲ್ಲಿ ಹೆಚ್ಚು ರೇಸ್ ಮಾಡಿದಾಗ ಅದು ಮಾಯವಾದರೆ ಮೊದಲ ಅನುಮಾನ ಕಿಡಿಯ ಮೇಲೆ. ಜರ್ಕಿನ ಬದಲು 3500 ದಾಟಿದ ಮೇಲೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಸೊರಗಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಸೈಲೆನ್ಸರ್ ದಾರಿ ಕಟ್ಟಿದೆ.

ಕಿಡಿಯನ್ನು ಮೊದಲು ಅನುಮಾನಿಸಲು ಕಾರಣ ಸರಳ. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದಿಯನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಸಂದಿ ಅಗಲವಾಗಿದ್ದರೆ ಬೇಕಾದ ವೋಲ್ಟೇಜ್ ಇನ್ನೂ ಏರುತ್ತದೆ. ಆಗ ಕಿಡಿ ಸಂದಿಯನ್ನು ಬಿಟ್ಟು ಸುಲಭದ ಬೇರೆ ದಾರಿ ಹುಡುಕುತ್ತದೆ: ಪ್ಲಗ್ಗಿನ ಪಿಂಗಾಣಿಯ ಮೇಲಿಂದಲೋ, ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್‌ನ ರಬ್ಬರ್ ಬೂಟು ಸೀಳಿಕೊಂಡೋ ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಸಮತಟ್ಟಿನಲ್ಲಿ ನಿಧಾನ ಓಡಿಸುವಾಗ ಇದೇ ಪ್ಲಗ್ ಏನೂ ತಕರಾರಿಲ್ಲದೆ ಕೆಲಸ ಮಾಡುತ್ತದೆ.

ನಿಮ್ಮ ಪ್ಲಗ್‌ಗಳು ಸಾದಾ ನಿಕ್ಕಲ್‌ನವಾಗಿದ್ದು ಇನ್ನೂ ಬದಲಾಗಿಲ್ಲದಿದ್ದರೆ 70,000 ಕಿ.ಮೀ.ಗೆ ಅವುಗಳ ಆಯುಷ್ಯ ಮುಗಿದು ಎಷ್ಟೋ ಕಾಲವಾಗಿದೆ. ಅವು ಸಾಮಾನ್ಯವಾಗಿ 30,000ದಿಂದ 40,000 ಕಿ.ಮೀ. ಬಾಳುತ್ತವೆ. ಇರಿಡಿಯಂ ಆದರೆ 80,000 ಅಥವಾ 1,00,000ದವರೆಗೂ ಬರುತ್ತವೆ. ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯುಮಿನಿಯಂನದು, ಬಿಸಿಯಲ್ಲಿ ತಿರುಗಿಸಿದರೆ ಥ್ರೆಡ್ ಕಿತ್ತುಬರಬಹುದು. ಕಾಯಿಲ್ ಎತ್ತಿದ ಮೇಲೆ ಪ್ಲಗ್ ಗುಂಡಿಗೆ ಗಾಳಿ ಹೊಡೆದು ಧೂಳು ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿಡಿ.

ಈಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಉರಿ ಸರಿಯಿದೆ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾಗಿದೆ ಎನ್ನುತ್ತದೆ. ಜಿಡ್ಡುಜಿಡ್ಡು ಕಪ್ಪಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರಿದೆ. ಇವಕ್ಕಿಂತಲೂ ಮುಖ್ಯವಾದದ್ದು ಮೇಲಿನ ಬಿಳಿ ಪಿಂಗಾಣಿ. ಅದರ ಮೇಲೆ ಪೆನ್ಸಿಲಿನಿಂದ ಎಳೆದಷ್ಟು ಸಣ್ಣ ಕಪ್ಪು ಗೆರೆ ಉದ್ದಕ್ಕೆ ಇಳಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ. ಇದ್ದರೆ ಕಿಡಿ ಓಡಿಹೋದ ದಾರಿ ಅದೇ, ಬೂಟಿನ ಒಳಗೋಡೆಯಲ್ಲೂ ಅದರ ಜೋಡಿ ಗೆರೆ ಇರುತ್ತದೆ. ಆಗ ಪ್ಲಗ್ ಮಾತ್ರ ಬದಲಿಸಿದರೆ ಹಳೆಯ ಬೂಟಿನ ಗೆರೆ ಹೊಸ ಪ್ಲಗ್ಗನ್ನೂ ಕೆಡಿಸುತ್ತದೆ. ಎರಡನ್ನೂ ಬದಲಿಸಿ. ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬಿನ ಸೀಲ್ ಸೋರುತ್ತಿದೆ. ಅದನ್ನು ಮೊದಲು ಸರಿಪಡಿಸಿ.

ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಿರಿ. ಹೆಚ್ಚಿನ ಕಾರುಗಳಿಗೆ 0.7ರಿಂದ 1.1 ಮಿ.ಮೀ. ಒಳಗೆ ಒಂದು ಅಳತೆ ಹೇಳಿರುತ್ತಾರೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ 0.8 ಎಂದಿದ್ದು ಪ್ಲಗ್ 1.1 ತೋರಿಸಿದರೆ ಬೇರೆ ಸಾಕ್ಷಿ ಬೇಡ. ಇರಿಡಿಯಂ ಪ್ಲಗ್ಗಿಗೆ ಪಟ್ಟಿಯಂಥ ಗೇಜ್ ಬೇಡ, ತಂತಿಯ ಗೇಜ್ ಬಳಸಿ. ಮಧ್ಯದ ಸೂಜಿತುದಿ ಸುಲಭವಾಗಿ ಮುರಿಯುತ್ತದೆ. ಹಾಕುವಾಗ ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ವ್ರೆಂಚ್ ಹಾಕಿ. ವಾಶರ್ ಇರುವ 14 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿಗೆ ಸುಮಾರು 20ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20. ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ಒಂದು ಹಳೆಯ ಅಭ್ಯಾಸವನ್ನು ಮಾತ್ರ ಬಿಡಲೇಬೇಕು: ಎಂಜಿನ್ ಓಡುತ್ತಿರುವಾಗ ಒಂದೊಂದೇ ಕಾಯಿಲ್ ಕಿತ್ತು ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವುದು. ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸಬಹುದು. ದಾರಿ ಸಿಗದ ಕಿಡಿ ಕಾಯಿಲನ್ನೇ ಸುಡಬಹುದು, ಶಾಕ್ ಬೇರೆ. ಹಾಗೆ ನೋಡಲೇಬೇಕಿದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಕನೆಕ್ಟರ್ ತೆಗೆಯಿರಿ. ಕಾಯಿಲ್ ಮೇಲೆ ಅನುಮಾನವಿದ್ದರೆ ಎಂಜಿನ್ ಆಫ್ ಮಾಡಿ ಒಂದನೇ ಸಿಲಿಂಡರಿನದನ್ನು ಮೂರನೆಯದಕ್ಕೆ ಅದಲುಬದಲು ಮಾಡಿ, ಓಡಿಸಿ, ಮಿಸ್ಸಿಂಗ್ ಅದರ ಜೊತೆ ಹೋಯಿತೇ ನೋಡಿ. ಹೀಗೆ ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು. ಪ್ಲಗ್ಗೂ ಕಾಯಿಲೂ ಒಟ್ಟಿಗೆ ಬದಲಾದರೆ ಯಾವುದು ಕೆಟ್ಟಿತ್ತು ಎಂದು ಹೇಳಲಾಗದು.

ಮಿಸ್ಸಿಂಗ್ ಯಾವ ಸಿಲಿಂಡರಿನದು ಎಂದು ತಿಳಿಯಲು ಸ್ಕ್ಯಾನರ್ ಬೇಕು, ಆದರೆ ಅದನ್ನು ಬಳಸುವ ಬಗೆ ಬೇರೆ. ಕೋಡ್ ಪುಟ ನೋಡಿ ಮುಚ್ಚಿದರೆ ಕೆಲಸ ಅರ್ಧವೂ ಆಗಿಲ್ಲ. 'ಪೆಂಡಿಂಗ್' ಕೋಡುಗಳ ಪುಟ ಬೇರೆಯೇ ಇರುತ್ತದೆ. ಒಮ್ಮೆ ಕಂಡು ಎರಡನೇ ಸಲಕ್ಕೆ ಕಾಯುತ್ತಿರುವ ದೋಷ ಲೈಟ್ ಹತ್ತಿಸದೆ ಅಲ್ಲಿ ಕೂತಿರುತ್ತದೆ. ಆಮೇಲೆ 'ಮೋಡ್ 6' ಎಂಬ ಪುಟ. ಹೊಸ ಕಾರುಗಳಲ್ಲಿ ಪ್ರತಿ ಸಿಲಿಂಡರಿನ ಮಿಸ್ಸಿಂಗ್ ಎಣಿಕೆ ಅಲ್ಲಿ ಸಿಗುತ್ತದೆ. ಮೂರು ಸಿಲಿಂಡರಿನಲ್ಲಿ ಸೊನ್ನೆ, ಒಂದರಲ್ಲಿ ಹತ್ತಾರು ಇದ್ದರೆ ಲೈಟ್ ಹತ್ತದಿದ್ದರೂ ಆ ಸಿಲಿಂಡರಿನ ಪ್ಲಗ್, ಕಾಯಿಲ್, ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗ ಏರುವ ಒತ್ತಡ) ಇಷ್ಟರಲ್ಲೇ ಉತ್ತರ ಇದೆ. ಎಲ್ಲ ಸಿಲಿಂಡರಿಗೂ ಹಂಚಿಹೋಗಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಕಾರಣ ಹುಡುಕಿ: ಸವೆದ ಪ್ಲಗ್ ಸೆಟ್, ಗಾಳಿ ಸೋರಿಕೆ, ಪೆಟ್ರೋಲ್ ಒತ್ತಡ. ಎರಡೂ ಪುಟಗಳನ್ನು ನೋಡುವ ಮೊದಲು ಯಾರೂ ಕೋಡ್ ಅಳಿಸದಂತೆ ನೋಡಿಕೊಳ್ಳಿ, ಅಳಿಸಿದರೆ ಈ ದಾಖಲೆಯೂ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಎಂಜಿನ್ ಓಡುವಾಗ ಸ್ಕ್ಯಾನರ್ ತೋರಿಸುವ ಲೈವ್ ಡೇಟಾದ ಫ್ಯುಯೆಲ್ ಟ್ರಿಮ್. ಹೊಗೆ ಹೊರಹೋಗುವ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಕೊಡುವ ಸುದ್ದಿ ನೋಡಿ ಕಂಪ್ಯೂಟರ್ ಪೆಟ್ರೋಲನ್ನು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದೇ ಟ್ರಿಮ್. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎಂದು ಎರಡು ಅಂಕಿ ಬರುತ್ತವೆ, ಎರಡನ್ನೂ ಕೂಡಿಸಿ ಓದಬೇಕು. ಮೊತ್ತ ಸೊನ್ನೆಯಿಂದ ಆಚೀಚೆ ಶೇ. 5 ಇದ್ದರೆ ಆರೋಗ್ಯ, 10ರವರೆಗೆ ಸಹಿಸಬಹುದು. ಕೋಡ್ ಬೀಳುವುದು ಹೆಚ್ಚಿನ ಕಾರುಗಳಲ್ಲಿ 20ರಿಂದ 25ರ ಸುತ್ತ. ಹಾಗಾಗಿ 8 ಮತ್ತು 9 ಸೇರಿ ಪ್ಲಸ್ 17 ತೋರಿಸುವ ಎಂಜಿನ್ ಶೇ. 17ರಷ್ಟು ಹೆಚ್ಚು ಪೆಟ್ರೋಲ್ ಸುರಿದುಕೊಂಡು ದೋಷವನ್ನು ಮುಚ್ಚಿಹಾಕುತ್ತಿದ್ದರೂ ಲೈಟ್ ತಣ್ಣಗೇ ಇರುತ್ತದೆ.

ಅಂಕಿಯನ್ನು ಒಂದೇ ಸ್ಥಿತಿಯಲ್ಲಿ ನೋಡಿ ನಿರ್ಧಾರಕ್ಕೆ ಬರಬೇಡಿ. ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂ ಹಿಡಿದು ಒಮ್ಮೆ, ಏರಿನಲ್ಲಿ ಸಾಧಾರಣ ಒತ್ತಿನಲ್ಲಿ ಒಮ್ಮೆ. ಓಡಿಸುವಾಗ ಪಕ್ಕದಲ್ಲಿ ಕೂತವರು ಅಂಕಿ ಬರೆದುಕೊಳ್ಳಲಿ, ಸ್ಟೀರಿಂಗ್ ಹಿಡಿದವರು ಪರದೆ ನೋಡುವುದು ಬೇಡ. ಐಡಲಿಂಗ್‌ನಲ್ಲಿ ಪ್ಲಸ್ 15 ಇದ್ದದ್ದು 2500ಕ್ಕೆ 3ಕ್ಕೋ 4ಕ್ಕೋ ಇಳಿದರೆ ಗಾಳಿ ಎಲ್ಲೋ ಕಳ್ಳದಾರಿಯಲ್ಲಿ ಒಳನುಗ್ಗುತ್ತಿದೆ. ಐಡಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಆದ್ದರಿಂದ ಸೋರಿಕೆಯ ಪಾಲು ದೊಡ್ಡದು. ರೇಸ್ ಮಾಡಿದಾಗ ಅದೇ ಸೋರಿಕೆ ಗಣನೆಗೆ ಬಾರದಷ್ಟು ಸಣ್ಣದು. ಇದಕ್ಕೆ ತಿರುವುಮುರುವಾಗಿ ಐಡಲಿಂಗ್‌ನಲ್ಲಿ ಸರಿಯಿದ್ದು ಹೊರೆ ಬಿದ್ದಂತೆ ಪ್ಲಸ್ ಏರುತ್ತ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಅಳೆಯುವ ಮಾಫ್ ಸೆನ್ಸರ್ ಧೂಳು ಹಿಡಿದು ಕಡಿಮೆ ತೋರಿಸುತ್ತಿದೆ. ಮೈನಸ್ 10 ದಾಟಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ಎರಡು ಎಚ್ಚರಿಕೆ. ಕಿಡಿ ತಪ್ಪಿದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕ ಹೊರಬರುತ್ತದೆ. ಸೆನ್ಸರ್ ಅದನ್ನು "ಪೆಟ್ರೋಲ್ ಕಡಿಮೆ" ಎಂದೇ ಓದಿ ಟ್ರಿಮ್ಮನ್ನು ಪ್ಲಸ್ಸಿಗೆ ತಳ್ಳುತ್ತದೆ. ಪ್ಲಗ್ ಕೆಟ್ಟ ಗಾಡಿಗೆ ಪಂಪ್ ಬದಲಿಸುವ ತಪ್ಪು ಹೆಚ್ಚಾಗಿ ಆಗುವುದು ಇಲ್ಲಿಯೇ. ಆದ್ದರಿಂದಲೇ ಕಿಡಿಯ ತಪಾಸಣೆ ಮೊದಲು. ಎರಡನೆಯದು, ಮಾಫ್ ಇಲ್ಲದೆ, ಒಳಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಲ್ಲಿ ಗಾಳಿ ಸೋರಿದರೆ ಟ್ರಿಮ್ ಅಷ್ಟಾಗಿ ಕದಲುವುದಿಲ್ಲ, ಬದಲಿಗೆ ಐಡಲಿಂಗ್ ಆರ್‌ಪಿಎಂ ಮೇಲೇರುತ್ತದೆ.

ಗಾಳಿ ಸೋರಿಕೆ ಹುಡುಕಲು ಹೊಗೆ ಬಿಡುವ ಯಂತ್ರವೇ ಉತ್ತಮ. ಇನ್‌ಟೇಕ್‌ (ಗಾಳಿ ಒಳಹೋಗುವ ದಾರಿ) ಒಳಗೆ ಹೊಗೆ ತುಂಬಿದರೆ ಬಿರುಕಿದ್ದಲ್ಲಿ ಎಳೆಯಾಗಿ ಹೊರಬರುತ್ತದೆ. ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತದೆಯೇ ನೋಡುವವರಿದ್ದಾರೆ. ಅದು ಹೊತ್ತಿಕೊಳ್ಳುವ ವಸ್ತು, ಬೇಡ. ಯಂತ್ರ ಸಿಗದಿದ್ದರೆ ಒಂದು ಮೊಳದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಇನ್‌ಟೇಕ್‌ ಗ್ಯಾಸ್ಕೆಟ್, ಎಂಜಿನ್ನಿನೊಳಗಿನ ಆವಿಯನ್ನು ಎಳೆದುಕೊಳ್ಳುವ ಪಿಸಿವಿ ಹೋಸ್‌ಗಳ ಬಳಿ ಆಡಿಸಿ. ಫ್ಯಾನ್ ಬೆಲ್ಟಿನಿಂದ ದೂರವಿರಿ. ಸೋರುವಲ್ಲಿ 'ಸ್ಸ್' ಸದ್ದು ಸ್ಪಷ್ಟ ಕೇಳುತ್ತದೆ. ಹೋಸ್‌ಗಳು ಬಿರಿಯುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಕೆಳಬದಿಯಲ್ಲಿ, ಬಗ್ಗಿಸಿ ನೋಡಿ. ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ಐಡಲಿಂಗ್ ಏರುಪೇರಾದರೆ ಪೆಡಲ್ ಹಗುರಾಗಿಸುವ ಬ್ರೇಕ್ ಬೂಸ್ಟರ್ ಸೋರುತ್ತಿದೆ. ಪರ್ಜ್ ವಾಲ್ವಿನ ಕನೆಕ್ಟರ್ ಬಿಚ್ಚಿದಾಗ ಅದು ಮುಚ್ಚಿರಬೇಕು. ಆಗಲೂ ಟ್ಯಾಂಕ್ ಕಡೆಯ ಹೋಸ್ ಕೂಡುವ ಬಾಯಿಗೆ ಬೆರಳಿಟ್ಟಾಗ ಗಾಳಿ ಎಳೆದರೆ ವಾಲ್ವ್ ಕೆಟ್ಟಿದೆ. ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟಿಂಗ್ ಟ್ರಬಲ್ ಬರುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಮೈಲೇಜ್ ಇಳಿದಿದೆ ಎಂದಿದ್ದೀರಿ, ಹಾಗಾಗಿ ಎಂಜಿನ್ ತಂಪಾಗಿಸುವ ದ್ರವದ, ಅಂದರೆ ಕೂಲೆಂಟಿನ, ತಾಪವನ್ನೂ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಕೂಲೆಂಟ್ ತಾಪ, ಒಳಬರುವ ಗಾಳಿಯ ತಾಪ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಐದು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಓಡಿದ ಮೇಲೆ ಕೂಲೆಂಟ್ 85ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ನಿಲ್ಲಬೇಕು. ಹೆದ್ದಾರಿಯಲ್ಲಿ 65-70ಕ್ಕೆ ಇಳಿದರೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಬಿಡುತ್ತದೆ.

ಈಗ ಪಂಪ್. ಅದನ್ನು ಬದಲಿಸುವ ಮೊದಲು ಗೇಜ್ ಹಾಕಿ ಒತ್ತಡ ಅಳೆಯಲೇಬೇಕು. ಇನ್‌ಟೇಕ್‌ ಪೋರ್ಟಿಗೆ ಪೆಟ್ರೋಲ್ ಸಿಂಪಡಿಸುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್. ನಿಂತಲ್ಲಿ ಸರಿ ತೋರಿಸಿದರೆ ಸಾಲದು, ತೊಂದರೆ ಏರಿನಲ್ಲಿದೆ. ಗೇಜನ್ನು ಗಾಜಿನ ಹೊರಗೆ ಕಾಣುವಂತೆ ಕಟ್ಟಿ ಓಡಿಸಬೇಕು. ಪೆಟ್ರೋಲ್ ಪೈಪು ಕಾರಿನೊಳಗೆ ಬರಬಾರದು. ಜರ್ಕ್ ಬರುವ ಹೊತ್ತಿಗೆ ಒತ್ತಡ ಕುಸಿದರೆ ಅನುಮಾನ ನಿಜ. ನೇರ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ನಾದರೆ ಹೈ ಪ್ರೆಶರ್ ಪೈಪುಗಳನ್ನು ಮನೆಯಲ್ಲಿ ಮುಟ್ಟಬೇಡಿ, ಅಲ್ಲಿ 50ರಿಂದ 200 ಬಾರ್ ಮತ್ತು ಅದಕ್ಕೂ ಹೆಚ್ಚು ಇರುತ್ತದೆ. ಒತ್ತಡವನ್ನು ಸ್ಕ್ಯಾನರಿನಲ್ಲೇ ಓದಿ. ಹಳೆಯ ಬಗೆಯ ಆಕ್ಸಿಜನ್ ಸೆನ್ಸರ್ ಇದ್ದರೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಸೆನ್ಸರ್ 0.8-0.9 ವೋಲ್ಟ್‌ನಲ್ಲಿ ನಿಲ್ಲಬೇಕು. ಕಿಡಿ ಸರಿಯಿದ್ದೂ ಅದು 0.2ಕ್ಕಿಂತ ಕೆಳಗೆ ಬಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ.

ಒತ್ತಡ ಕಡಿಮೆ ಬಂದರೂ ಪಂಪೇ ಅಪರಾಧಿ ಎನ್ನುವ ಹಾಗಿಲ್ಲ. ಫಿಲ್ಟರ್ ಕಟ್ಟಿರಬಹುದು. ಪಂಪಿನ ಕನೆಕ್ಟರಿನಲ್ಲಿ ಪಿನ್ ಸುಟ್ಟು ಕಪ್ಪಾಗಿರಬಹುದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಪಂಪಿನ ಬಳಿ 11 ಮಾತ್ರ ತಲುಪುತ್ತಿದ್ದರೆ ವೈರಿಂಗ್ ಅಥವಾ ಅರ್ಥಿಂಗ್ ಸರಿಪಡಿಸಬೇಕು. ಪಂಪಿನ ವೇಗವನ್ನೇ ಕಂಪ್ಯೂಟರ್ ನಿಯಂತ್ರಿಸುವ ಕಾರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ವೋಲ್ಟೇಜ್ ತಲುಪಿಸದ ಕೆಟ್ಟ ವೈರಿಂಗಿನಲ್ಲಿ ಹೊಸ ಪಂಪ್ ಹಾಕಿದರೂ ಜರ್ಕ್ ಉಳಿಯುತ್ತದೆ.

ಕಿಡಿ, ಗಾಳಿ, ಪೆಟ್ರೋಲ್ ಮೂರೂ ಸರಿಯಿದ್ದರೆ ಮಾತ್ರ ಮುಂದಿನವು. ವ್ಯಾಕ್ಯೂಮ್ ಗೇಜ್ ಹಾಕಿ 2500 ಆರ್‌ಪಿಎಂ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತ ಹೋದರೆ ಕ್ಯಾಟಲಿಟಿಕ್ ಕಟ್ಟಿದೆ. ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬೆಚ್ಚಗಿರಲಿ. ಪೆಟ್ರೋಲ್ ಮತ್ತು ಕಿಡಿ ನಿಲ್ಲಿಸಿ, ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಕೆಳಗಿದ್ದರೆ ಅದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಕೆಟ್ಟಿರುವುದು ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ನಿಮ್ಮ ಗಾಡಿಯ ವಿವರ ನೋಡಿದರೆ ನನ್ನ ಅನುಮಾನ ಪ್ಲಗ್ ಮತ್ತು ಕಾಯಿಲ್ ಬೂಟಿನ ಮೇಲೆಯೇ. ಐಡಲಿಂಗ್ ನಡುಕಕ್ಕೆ ಎರಡನೆಯ ಅನುಮಾನ ಗಾಳಿ ಸೋರಿಕೆ. ಗ್ಯಾರೇಜಿನವರಿಗೆ ನೀವು ಬರೆದಿಟ್ಟ ಕಾಗದ ಕೊಟ್ಟು ಸಿಲಿಂಡರ್‌ವಾರು ಮಿಸ್ಸಿಂಗ್ ಎಣಿಕೆ, ಮೂರು ಸ್ಥಿತಿಯ ಟ್ರಿಮ್, ಏರಿನಲ್ಲಿ ತೆಗೆದ ಪೆಟ್ರೋಲ್ ಒತ್ತಡ ಇಷ್ಟನ್ನು ಬರೆದು ಕೊಡಲು ಕೇಳಿ. ಈ ಅಂಕಿಗಳನ್ನು ತೋರಿಸಿ ಪಂಪ್ ಎಂದರೆ ಧೈರ್ಯವಾಗಿ ಒಪ್ಪಬಹುದು. ದುರಸ್ತಿಯ ನಂತರ ಲಾಂಗ್ ಟರ್ಮ್ ಟ್ರಿಮ್ ಸೊನ್ನೆಯತ್ತ ಮರಳಲು ಕೆಲವು ದಿನದ ಓಟ ಬೇಕು, ಆಮೇಲೆ ಅದೇ ಏರಿನಲ್ಲಿ ಮತ್ತೆ ಅಳೆಯಿರಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದು, ಆದರೆ ಏರಿನಲ್ಲಿ ಗೇರ್ ಇಳಿಸಿ, ಜರ್ಕ್ ಹೊಡೆಯುವಾಗ ಆಕ್ಸಿಲರೇಟರ್ ಒತ್ತಿ ಹಿಡಿಯಬೇಡಿ. ಚೆಕ್ ಎಂಜಿನ್ ಲೈಟ್ ಮಿಣುಕಲು ಶುರುವಾದರೆ ಕ್ಯಾಟಲಿಟಿಕ್ ಸುಡುವಷ್ಟು ಮಿಸ್ಸಿಂಗ್ ಆಗುತ್ತಿದೆ ಎಂದರ್ಥ. ಕಾಲು ಸಡಿಲಿಸಿ, ಜಾಗ ನೋಡಿ ನಿಲ್ಲಿಸಿ, ಟೋ ಮಾಡಿಸಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಲೈಟ್ ಹತ್ತಿದರೆ ಅಥವಾ ತಾಪದ ಮುಳ್ಳು ಕೆಂಪಿಗೆ ಹೋದರೆ ಎಂಜಿನ್ ತಕ್ಷಣ ಆಫ್ ಮಾಡಿ.